ಹಲಸಿನ ಚೆನ್ನೆಮಣೆಗೆ ಏನು ಹಚ್ಚಲಿ? ಹೊಳಪು ಬೇಡ, ಮರ ಮರವಾಗಿಯೇ ಕಾಣಬೇಕು

ಡೊಂಬಿವಲಿ ಲೋಕಲ್:
ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮ ಮನೆ ಹಿಂದಿನ ಹಲಸಿನ ಮರ ಗಾಳಿಗೆ ಬಿದ್ದಿತ್ತು. ಅದನ್ನು ಸೀಳಿಸಿ ಹಲಗೆಗಳನ್ನು ಅಟ್ಟಕ್ಕೆ ಹಾಕಿದ್ದರು. ಅದರಲ್ಲೊಂದು ತುಂಡು ಮುಂಬೈಗೆ ತಂದು ಚೆನ್ನೆಮಣೆ ಮಾಡುತ್ತಿದ್ದೇನೆ. ಗುಳಿಗಳಲ್ಲಿ ಬೀಜ, ಕವಡೆ ಹಾಕಿ ಆಡುವ ಹಲಗೆ, ಏಳೇಳು ಗುಳಿಗಳ ಎರಡು ಸಾಲು. ಗುಳಿ ತೋಡುವುದನ್ನು ಮಾತ್ರ ಇಲ್ಲಿನ ಫರ್ನಿಚರ್ ಅಂಗಡಿಯವರಿಂದ ರೌಟರ್ ಎಂಬ ಮರ ತೋಡುವ ಯಂತ್ರದಲ್ಲಿ ಮಾಡಿಸಿದೆ. ಉಳಿದದ್ದೆಲ್ಲ ನನ್ನದೇ ಕೈಕೆಲಸ, ಬಾಲ್ಕನಿಯಲ್ಲಿ, ಪಕ್ಕದ ಮನೆಯವರ ಗೊಣಗಾಟದ ನಡುವೆ. ನಮ್ಮ ತುಳುನಾಡಿನಲ್ಲಿ ಚೆನ್ನೆ ಆಡುವ ಆಟಿ ತಿಂಗಳು ಶುರುವಾಗುವ ಮೊದಲು ಮುಗಿಯಬೇಕು ಎಂದು ಅಮ್ಮನ ಹಠ.

ಕೀಸುಳಿ ಹೊಡೆದ ಮೇಲೆ ಬಂದ ಬಣ್ಣವನ್ನು ನೀವು ನೋಡಬೇಕಿತ್ತು. ಒಳ್ಳೆ ಹಳದಿ, ಅಲ್ಲಲ್ಲಿ ಕಂದು ಗೆರೆ. ಅದು ಹಾಗೇ ಉಳಿಯಬೇಕು. ಅಂಗಡಿಯವರು ರಂಧ್ರ ತುಂಬುವ ಸೀಲರ್ ಹಾಕಿ ಮೆಲಮೈನ್ ಪಾಲಿಶ್ ಹೊಡೆದು ಕೊಡುತ್ತೇವೆ ಎಂದರು. ಅವರ ಸ್ಯಾಂಪಲ್ ನೋಡಿದರೆ ಉಡುಪಿ ಹೋಟೆಲಿನ ಮೇಜಿನ ಹಾಗೆ ಹೊಳೆಯುತ್ತಿತ್ತು. ಕೈಯಿಟ್ಟರೆ ಮರ ಸಿಗುವುದಿಲ್ಲ, ಪ್ಲಾಸ್ಟಿಕ್ ಸಿಗುತ್ತದೆ. ಏನೂ ಹಚ್ಚದೆ ಬಿಟ್ಟರೆ ಬೆವರಿನ ಕೈ ತಾಗಿ ಕಪ್ಪಾಗುತ್ತದೆ ಅಂತ ಭಯ. ಏನು ಮಾಡಲಿ?

ಸುಮ್ನೆ ಓದುಗ:
ತೆಂಗಿನೆಣ್ಣೆ ಹಚ್ಚಿ ಬಿಡಿ. ಊರಲ್ಲಿ ಎಲ್ಲರೂ ಅದನ್ನೇ ಹಚ್ಚುವುದು.

ಮಡಗಾಂವ್ ಅಕ್ಕ:
ತೆಂಗಿನೆಣ್ಣೆ ಬೇಡವೇ ಬೇಡ. ಅದು ಒಣಗುವ ಎಣ್ಣೆಯಲ್ಲ. ಎಷ್ಟು ದಿನ ಇಟ್ಟರೂ ಮರದೊಳಗೆ ಎಣ್ಣೆಯಾಗಿಯೇ ಇರುತ್ತದೆ, ಧೂಳು ಹಿಡಿಯುತ್ತದೆ, ಕೊನೆಗೆ ಕನರು ವಾಸನೆ. ಶೇಂಗಾ ಎಣ್ಣೆ, ಎಳ್ಳೆಣ್ಣೆಗೂ ಇದೇ ಮಾತು. ಊರಲ್ಲಿ ದಿನಾ ಬಳಸಿ, ತೊಳೆದು, ಬಿಸಿಲಿಗೆ ಇಡುವ ಸಾಮಾನಿಗೆ ಅದು ನಡೆಯುತ್ತಿತ್ತು. ವರ್ಷಕ್ಕೊಂದು ತಿಂಗಳು ಹೊರಬಂದು ಉಳಿದ ಹನ್ನೊಂದು ತಿಂಗಳು ಕಪಾಟಿನಲ್ಲಿ ಮಲಗುವ ಚೆನ್ನೆಮಣೆಗೆ ನಡೆಯುವುದಿಲ್ಲ.

ನಾನು ಇಲ್ಲಿ ಮಡಗಾಂವಿನಲ್ಲಿ ಸೌಟು, ತರಕಾರಿ ಹೆಚ್ಚುವ ಮಣೆ ಮಾಡಿ ಮಾರುತ್ತೇನೆ. ಹಲಸು, ಮಾವು ಎರಡೂ ಕೈಗೆ ಬರುತ್ತವೆ. ನನ್ನ ಸಾಮಾನಿಗೆಲ್ಲ ಜೇನುಮೇಣ ಮತ್ತು ಲಿಕ್ವಿಡ್ ಪ್ಯಾರಾಫಿನ್. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದಲ್ಲ, ಮಲಬದ್ಧತೆಗೆ ಕುಡಿಯುವುದು, ಅದೇ. ತೂಕದಲ್ಲಿ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಪ್ಯಾರಾಫಿನ್. ನೇರ ಬೆಂಕಿಯ ಮೇಲೆ ಇಡಬೇಡಿ. ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಡಬ್ಬಿ ಇಟ್ಟು ಕರಗಿಸಿ, ಜೇನುಮೇಣ 63 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ತೆಗೆದು ಉಜ್ಜಿ, ಅರ್ಧ ಗಂಟೆ ಬಿಟ್ಟು ಒರೆಸಿ. ಪ್ಯಾರಾಫಿನ್ ಕೂಡ ಒಣಗುವುದಿಲ್ಲ, ಆದರೆ ಕೆಡುವುದಿಲ್ಲ, ವಾಸನೆ ಬರುವುದಿಲ್ಲ. ಬೇಕೆನಿಸಿದಾಗ ಮತ್ತೆ ಹಚ್ಚಿದರಾಯಿತು.

ಮಾಟುಂಗಾ ಮಾಮ:
ಅಕ್ಕ ಹೇಳಿದ್ದು ಸೌಟಿಗೆ ಸರಿ. ಚೆನ್ನೆಮಣೆ ಅಡುಗೆ ಸಾಮಾನು ಅಲ್ಲ. ಬರೀ ಮೇಣದಲ್ಲಿ ಬೆವರು ತಡೆಯುವ ಶಕ್ತಿ ಎಲ್ಲಿದೆ?

ತಮ್ಮಾ, ನೀನು ಚಪಡಾ ತಗೊ. ಅರಗಿನ ಹಾಳೆ. ಹಿಂದೆಲ್ಲ ಮುಂಬೈಯ ಪಾಲಿಶ್‌ನವರು ಅದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಹತ್ತಿ ಉಂಡೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಿದ್ದರು. ಕನ್ನಡಿ ಬಂದದ್ದು ಉಜ್ಜಿದ್ದರಿಂದ, ಪದರದ ಮೇಲೆ ಪದರ ಕೂರಿಸಿದ್ದರಿಂದ. ಅದಕ್ಕೇ ಜನ ಚಪಡಾ ಅಂದರೆ ಹೊಳಪು ಅಂದುಕೊಂಡುಬಿಟ್ಟಿದ್ದಾರೆ. ತೆಳ್ಳಗೆ ಕಲಸಿ ಒಂದೆರಡು ಕೈ ಒರೆಸಿ ನಿಲ್ಲಿಸಿದರೆ ಹೊಳಪು ಬರುವುದೇ ಇಲ್ಲ. ಮರದ ಮೇಲೆ ಏನಾದರೂ ಇದೆ ಎಂದು ಗೊತ್ತೂ ಆಗುವುದಿಲ್ಲ. ಬಣ್ಣ ಮಾತ್ರ ಒಂದು ಕಳೆ ಏರುತ್ತದೆ.

ಲೆಕ್ಕ ಹೇಳುತ್ತೇನೆ. 100 ಮಿಲಿ ಸ್ಪಿರಿಟ್ಟಿಗೆ 12 ಗ್ರಾಂ ಚಪಡಾ. ಗಾಜಿನ ಸೀಸೆಯಲ್ಲಿ ಹಾಕಿ ರಾತ್ರಿ ಇಡು, ನಡುನಡುವೆ ಅಲ್ಲಾಡಿಸು. ಬೆಳಿಗ್ಗೆ ಹಳೆ ಬನಿಯನ್ ಬಟ್ಟೆಯಲ್ಲಿ ಸೋಸು. ಮೇಣ ತೆಗೆದ ತಿಳಿ ಬಣ್ಣದ ಚಪಡಾ ಕೇಳಿ ತಗೊ. ಕಿತ್ತಳೆ ಬಣ್ಣದ್ದು ಹಾಕಿದರೆ ನಿನ್ನ ಹಳದಿ ಕೆಂಪಿಗೆ ತಿರುಗುತ್ತದೆ. ಕಲಸಿದ್ದನ್ನು ವರ್ಷಗಟ್ಟಲೆ ಇಡಬೇಡ. ಹಳತಾದರೆ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಅನುಮಾನ ಬಂದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡು. ಉಗುರಿಗೆ ಗಟ್ಟಿಯಾಗಿ ಸಿಗಬೇಕು.

ಇನ್ನೊಂದು. ಒಣಗಿದ ಅರಗು ಮಗುವಿನ ಬಾಯಿಗೆ ಹೋದರೂ ತೊಂದರೆಯಿಲ್ಲ. ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ ಇದೇ ಅರಗಿನ ಲೇಪ ಇರುತ್ತದೆ. ಚನ್ನಪಟ್ಟಣದ ಗೊಂಬೆಗೂ ಅರಗೇ ಅಲ್ವಾ? ಅವರು ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಆ ಶಾಖದಲ್ಲೇ ಕರಗಿಸುತ್ತಾರೆ. ನಿನ್ನ ಹತ್ತಿರ ಲೇತ್ ಇಲ್ಲ, ಸ್ಪಿರಿಟ್ ಇದೆ.

ಬೋಹರಿ ಆಳಿ:
ಮಾಮ, ನಿಮ್ಮ ಮೇಲೆ ಗೌರವ ಇದೆ. ಆದರೆ ಇದು ಜೂನ್ ತಿಂಗಳು. ಡೊಂಬಿವಲಿಯಲ್ಲಿ ಮಳೆ. ಚಪಡಾ ಹಚ್ಚಿದರೆ ಮೇಲೆ ಬಿಳಿ ಮಂಜು ಕಟ್ಟುವುದಿಲ್ಲವೇ?

ನಾನು ಪುಣೆಯ ರವಿವಾರ ಪೇಠೆಯಲ್ಲಿ ಪೇಂಟ್ ಅಂಗಡಿಯಲ್ಲಿ ಕೆಲಸ ಮಾಡುವವನು, ಊರು ಧಾರವಾಡ. ಇಂಥ ಗಿರಾಕಿಗಳು ವಾರಕ್ಕೊಬ್ಬರಾದರೂ ಬರುತ್ತಾರೆ. ಮರ ಮರದ ಹಾಗೇ ಕಾಣಬೇಕು, ಕಲೆಯೂ ಬೀಳಬಾರದು, ಕೆಲಸವೂ ಕಡಿಮೆ ಇರಬೇಕು ಎನ್ನುತ್ತಾರೆ. ಅವರಿಗೆ ನಾನು ಕೊಡುವುದು ನೀರಿನ ಪಿಯು, ಅಂದರೆ ನೀರು ಬೆರೆತ ಪಾಲಿಯುರೆಥೇನ್ ವಾರ್ನಿಷ್, ಅದರಲ್ಲೂ ಡೆಡ್ ಮ್ಯಾಟ್, ಒಂಚೂರೂ ಹೊಳೆಯದ್ದು. ಡಬ್ಬಿಯಲ್ಲಿ ಹಾಲಿನ ಬಣ್ಣ ಇರುತ್ತದೆ, ಒಣಗಿದರೆ ನೀರಿನ ಹಾಗೆ ತಿಳಿ. ಎಣ್ಣೆಯ ವಾರ್ನಿಷ್ ವರ್ಷ ಕಳೆದಂತೆ ಹಳದಿಯಾಗುತ್ತದೆ, ಇದು ಆಗುವುದಿಲ್ಲ. ಬಿಸಿ ಕಾಫಿ ಲೋಟ ಇಟ್ಟರೂ, ಸ್ಯಾನಿಟೈಸರ್ ಕೈ ತಾಗಿದರೂ ತಡೆಯುತ್ತದೆ. ಮಾಮನ ಚಪಡಾ ಸ್ಯಾನಿಟೈಸರಿಗೆ ಕರಗುತ್ತದೆ, ಏಕೆಂದರೆ ಅದನ್ನು ಕರಗಿಸುವುದೇ ಆಲ್ಕೋಹಾಲ್.

ಒಂದು ಎಚ್ಚರಿಕೆ. ಮ್ಯಾಟ್ ಡಬ್ಬಿಯ ತಳದಲ್ಲಿ ಹೊಳಪು ಕೊಲ್ಲುವ ಪುಡಿ ಕೂತಿರುತ್ತದೆ. ಅದನ್ನು ಕಡ್ಡಿಯಿಂದ ಚೆನ್ನಾಗಿ ಕದಡಬೇಕು. ಅಲ್ಲಾಡಿಸಬಾರದು, ಗುಳ್ಳೆ ಬರುತ್ತದೆ. ಕದಡದೆ ಮೇಲಿನದ್ದನ್ನೇ ಹಚ್ಚಿ, ಮ್ಯಾಟ್ ಕೊಟ್ಟಿಲ್ಲ ಗ್ಲಾಸಿ ಕೊಟ್ಟಿದ್ದೀರಿ ಎಂದು ಜಗಳಕ್ಕೆ ಬರುತ್ತಾರೆ ಜನ.

ಮಾಟುಂಗಾ ಮಾಮ:
ಹಾಲಿನ ಬಣ್ಣದ ಪ್ಲಾಸ್ಟಿಕ್ ಬಳಿದು ಮರ ಅನ್ನುತ್ತೀರಲ್ಲ, ಇರಲಿ.

ಕಲಿನಾ ಕೆಮಿಸ್ಟ್ರಿ:
ಜಗಳ ಆಮೇಲೆ ಆಡಿ. ಮೊದಲು ಹಲಸಿನ ವಿಷಯ. ಈ ಮರದ ಹಳದಿ ಸುಮ್ನೆ ಬಂದದ್ದಲ್ಲ. ಅದರ ತಿರುಳಿನಲ್ಲಿ ಮೋರಿನ್ ಎಂಬ ಬಣ್ಣದ ಪದಾರ್ಥ ಇದೆ. ಬರ್ಮಾ, ಶ್ರೀಲಂಕಾ ಕಡೆ ಬೌದ್ಧ ಭಿಕ್ಷುಗಳ ಚೀವರಕ್ಕೆ ಹಲಸಿನ ಚಕ್ಕೆ ಕುದಿಸಿಯೇ ಬಣ್ಣ ಕಟ್ಟುತ್ತಿದ್ದರು. ಡೊಂಬಿವಲಿಯವರೇ, ಒದ್ದೆ ಬಿಳಿ ಬಟ್ಟೆಯಿಂದ ಮಣೆ ಒರೆಸಿ ನೋಡಿ, ಬಟ್ಟೆಗೆ ಹಳದಿ ಹತ್ತಬಹುದು.

ಈ ಹಳದಿ ಬೆಳಕಿಗೆ, ಗಾಳಿಗೆ ತೆರೆದುಕೊಂಡರೆ ಬಂಗಾರದ ಕಂದು ಆಗುತ್ತದೆ, ಇನ್ನೂ ವರ್ಷ ಕಳೆದರೆ ಗಾಢ ಕಂದು. ಹಳೆ ವೀಣೆ, ಮೃದಂಗ ನೋಡಿದ್ದೀರಲ್ಲ, ಅವೂ ಹಲಸೇ. ನೀವು ಎಣ್ಣೆ ಹಚ್ಚಿ, ಅರಗು ಹಚ್ಚಿ, ಪಿಯು ಹಚ್ಚಿ, ಈ ಬದಲಾವಣೆ ನಿಲ್ಲುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಪಿಯು ಇವೆ, ಅವು ನಿಧಾನ ಮಾಡುತ್ತವೆ ಅಷ್ಟೇ. ಹಾಗಾಗಿ ಹಳದಿ ಶಾಶ್ವತವಾಗಿ ಉಳಿಸುವ ಪಾಲಿಶ್ ಯಾವುದು ಅಂತ ಹುಡುಕಬೇಡಿ, ಅದು ಇಲ್ಲ. ಇವತ್ತು ಹೇಗೆ ಕಾಣಬೇಕು, ಕೈಗೆ ಹೇಗೆ ಹತ್ತಬೇಕು, ಹಾಳಾದರೆ ಮನೆಯಲ್ಲೇ ಸರಿ ಮಾಡಲು ಆಗುತ್ತದೋ ಇಲ್ಲವೋ, ಈ ಮೂರನ್ನು ನೋಡಿ ಆರಿಸಿ.

ಹಾಗೇ, ಮಣೆಯ ಮೇಲೆ ಏನನ್ನಾದರೂ ಇಟ್ಟು ಕಿಟಕಿ ಹತ್ತಿರ ಬಿಡಬೇಡಿ. ಮುಚ್ಚಿದ ಜಾಗ ಹಳದಿಯಾಗಿಯೇ ಉಳಿದು ಅದರ ಅಚ್ಚು ಮೂಡುತ್ತದೆ.

ಡೊಂಬಿವಲಿ ಲೋಕಲ್:
ಬಟ್ಟೆಗೆ ಹತ್ತಿತು! ಅರಿಶಿನ ಒರೆಸಿದಷ್ಟು ಹಳದಿ. ಅಮ್ಮ ನೋಡಿ ದಂಗಾದರು.

ಕಂದು ಆದರೆ ಆಗಲಿ, ಅದು ಮರದ ಸ್ವಭಾವ. ನನಗೆ ಬೇಕಿರುವುದು ಕೈಗೆ ಮರ ಸಿಗಬೇಕು, ಹೊಳೆಯಬಾರದು. ಆದರೆ ಇನ್ನೊಂದು ತೊಡಕು ಇದೆ. ಅಕ್ಕನ ಮಗ ನಾಲ್ಕು ವರ್ಷದವನು, ಸಿಕ್ಕಿದ್ದೆಲ್ಲ ಬಾಯಿಗೆ. ಮತ್ತೆ ಗುಳಿಗಳ ಒಳಗೆ ಉಜ್ಜುವುದೇ ದೊಡ್ಡ ತಲೆನೋವು. ರೌಟರಿನ ಗೀರು ಹೋಗುತ್ತಲೇ ಇಲ್ಲ.

ವಾಶಿ ಬಡಗಿ:
ಕೆಲಸದಿಂದ ಈಗ ಬಂದೆ, ಓದಿದೆ. ಎಲ್ಲರೂ ಮೇಲೆ ಏನು ಹಚ್ಚುವುದು ಎಂದೇ ಮಾತಾಡುತ್ತಿದ್ದೀರಿ. ಹೊಳಪಿಲ್ಲದ ಕೆಲಸದಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ ಮಾರಾಯ್ರೆ. ಮೆಲಮೈನ್ ಅಡಿಯಲ್ಲಿ ಸೀಲರ್ ತುಂಬಿ ಗೀರು ಮರೆಯಾಗುತ್ತದೆ. ಎಣ್ಣೆ, ತೆಳು ಚಪಡಾ ಹಚ್ಚಿದರೆ ಪ್ರತಿಯೊಂದು ಗೀರೂ ಎದ್ದು ನಿಲ್ಲುತ್ತದೆ. ಅರ್ಧಕ್ಕರ್ಧ ಕೆಲಸ ಉಜ್ಜುವುದರಲ್ಲೇ ಇದೆ.

ಗುಳಿಗೆ ಹೀಗೆ ಮಾಡಿ. ಗುಳಿಯ ಅಗಲಕ್ಕೆ ಸರಿಯಾದ ರಬ್ಬರ್ ಚೆಂಡು ತಗೊಂಡು ಎರಡು ಹೋಳು ಮಾಡಿ. ಉಬ್ಬಿದ ಕಡೆಗೆ ಸ್ಯಾಂಡ್‌ಪೇಪರ್ ಸುತ್ತಿ ಹಿಂದೆ ಟೇಪ್ ಹಾಕಿ. ಬೆರಳಲ್ಲಿ ಉಜ್ಜಿದರೆ ಬೆರಳಿನ ಅಚ್ಚಿಗೆ ಹಳ್ಳ ಬೀಳುತ್ತದೆ, ಚೆಂಡಿನಲ್ಲಿ ಒಂದೇ ಸಮ ಬರುತ್ತದೆ. 80 ನಂಬರಿನ ಒರಟು ಕಾಗದದಿಂದ ಶುರು ಮಾಡಿ ಗೀರು ಪೂರ್ತಿ ಹೋಗುವ ತನಕ ಮುಂದಿನ ನಂಬರಿಗೆ ಹೋಗಬೇಡಿ. ಆಮೇಲೆ 120, 180, 220. ಪೆನ್ಸಿಲ್ಲಿನಿಂದ ಗುಳಿಯೊಳಗೆ ಗೀಚಿಕೊಂಡು ಉಜ್ಜಿದರೆ ಎಲ್ಲಿ ತಾಗಿಲ್ಲ ಎಂದು ಗೊತ್ತಾಗುತ್ತದೆ. ಮೊಬೈಲಿನ ಟಾರ್ಚ್ ಅಡ್ಡ ಹಿಡಿದು ನೋಡಿ, ಮೇಲಿನಿಂದ ಹಿಡಿದರೆ ಗೀರು ಕಾಣುವುದಿಲ್ಲ.

ಇನ್ನು ಮುಖ್ಯದ್ದು. ಪ್ರತಿ ಗುಳಿಯಲ್ಲೂ ಮಣೆಯ ಎಡ ಬಲ ತುದಿಗಳ ಕಡೆಗಿರುವ ಎರಡು ಗೋಡೆಗಳಲ್ಲಿ ಮರದ ನಾರು ಕತ್ತರಿಸಿದ ಬಾಯಿ ತೆರೆದಿರುತ್ತದೆ. ಆ ಬಾಯಿ ಎಣ್ಣೆ ಕುಡಿಯುತ್ತಲೇ ಇರುತ್ತದೆ. ಉಳಿದ ಗೋಡೆ ಹಳದಿ, ಈ ಎರಡು ಮಾತ್ರ ಕರಿ ಕಂದು. ಹದಿನಾಲ್ಕು ಗುಳಿಯಲ್ಲೂ ಹೀಗೇ ಆದರೆ ಕೊಳೆ ಹಿಡಿದ ಹಾಗೆ ಕಾಣುತ್ತದೆ. ಅದಕ್ಕೆ ಅಲ್ಲಿ ಮಾತ್ರ 320, ಆಮೇಲೆ 400ರಲ್ಲಿ ಉಜ್ಜಿ, ಬಾಯಿ ಮುಚ್ಚಿಕೊಳ್ಳುತ್ತದೆ. ಅಥವಾ ಮಾಮ ಹೇಳಿದ ತೆಳು ಚಪಡಾ ಮೊದಲು ಒಂದು ಕೈ.

ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ನಾರು ಮುಳ್ಳಿನಂತೆ ಏಳುತ್ತದೆ. 220ರಲ್ಲಿ ಮೆಲ್ಲಗೆ ಸವರಿ ತೆಗೆಯಿರಿ. ನೀರಿನ ಪಿಯು ಹಚ್ಚುವುದಾದರೆ ಇದು ಮಾಡಲೇಬೇಕು.

ಮಡಗಾಂವ್ ಅಕ್ಕ:
ಬಡಗಿಯಣ್ಣ, ಚೆಂಡಿನ ಉಪಾಯ ಚೆನ್ನಾಗಿದೆ. ಸೌಟಿಗೂ ಆಗುತ್ತದೆ.

ಡೊಂಬಿವಲಿಯವರೇ, ನಾಲ್ಕು ವರ್ಷದ ಮಗು ಅಂದಿರಿ. ಪಾಲಿಶ್ ಬಗ್ಗೆ ಇಷ್ಟು ಯೋಚನೆ ಮಾಡುತ್ತೀರಿ, ಕಾಯಿ ಯಾವುದು ಹಾಕುತ್ತೀರಿ? ಗುಲಗಂಜಿ ಹಾಕಬೇಡಿ. ಆ ಕೆಂಪು ಕಪ್ಪು ಬೀಜ ನೋಡಲು ಚಂದ, ಒಳಗೆ ಕಡು ವಿಷ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹುಣಸೆ ಬೀಜವಾದರೂ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಹತ್ತಿರ ಕೂತೇ ಆಡಿಸಿ.

ಡೊಂಬಿವಲಿ ಲೋಕಲ್:
ಅಕ್ಕಾ, ಅಮ್ಮನ ಡಬ್ಬಿಯಲ್ಲಿ ಗುಲಗಂಜಿಯೇ ಇತ್ತು. ಎತ್ತಿಟ್ಟಿದ್ದೇನೆ. ಕವಡೆ ಇದೆ, ಅವನು ದೊಡ್ಡವನಾಗುವ ತನಕ ಅದರಲ್ಲೇ ಆಡುತ್ತೇವೆ.

ಬೋಹರಿ ಆಳಿ:
ಮಗುವಿನ ವಿಷಯಕ್ಕೆ ನಾನೂ ಒಂದು ಸೇರಿಸುತ್ತೇನೆ. ಯಾವುದೇ ಪಾಲಿಶ್ ಒಣಗಿತು ಅನ್ನುವುದು ಬೇರೆ, ಒಳಗಿನ ತನಕ ಗಟ್ಟಿಯಾಯಿತು ಅನ್ನುವುದು ಬೇರೆ. ನೀರಿನ ಪಿಯು ಎರಡು ಮೂರು ಗಂಟೆಯಲ್ಲಿ ಕೈಗೆ ಅಂಟುವುದಿಲ್ಲ, ಆದರೆ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಲ್ಲಿಯ ತನಕ ಮಗುವಿನ ಕೈಗೆ ಕೊಡಬೇಡಿ. ಸೀಸದ ಭಯ ಇದ್ದರೆ, 2017ರ ನವೆಂಬರಿನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದು ಎಂಬ ನಿಯಮ ಇದೆ. ಲೇಬಲ್ ನೋಡಿ ತಗೊಳ್ಳಿ, ಬಿಡಿಯಾಗಿ ಅಳೆದು ಕೊಡುವುದನ್ನು ತಗೊಳ್ಳಬೇಡಿ.

ಎರಡು ಡಬ್ಬಿ ಬೆರೆಸುವ ಪಿಯು ಮಾತ್ರ ಫ್ಲಾಟಿನಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕ್ಕೆ ಕೆಟ್ಟದು. ಸರಿಯಾದ ಮಾಸ್ಕ್ ಹಾಕಿದ ಕೆಲಸಗಾರರ ಬೂತಿನಲ್ಲಿ ಆಗಬೇಕಾದ ಕೆಲಸ ಅದು.

ಸುಮ್ನೆ ಓದುಗ:
ಹಾಗಾದರೆ ಅಗಸೆ ಎಣ್ಣೆ? ಅದು ಒಣಗುತ್ತದೆ ಅಂತ ಕೇಳಿದ್ದೇನೆ. ಮನೆಯಲ್ಲೇ ಕುದಿಸಿ ಹಚ್ಚಬಹುದಲ್ಲ?

ಕಲಿನಾ ಕೆಮಿಸ್ಟ್ರಿ:
ದಯವಿಟ್ಟು ಕುದಿಸಬೇಡಿ. ಅಂಗಡಿಯಲ್ಲಿ ಸಿಗುವ ಬಾಯಿಲ್ಡ್ ಲಿನ್‌ಸೀಡ್ ಎಣ್ಣೆಯನ್ನು ಈಗ ಸಾಮಾನ್ಯವಾಗಿ ಕುದಿಸಿ ಮಾಡುವುದಿಲ್ಲ, ಬೇಗ ಒಣಗಲಿ ಎಂದು ಕೋಬಾಲ್ಟ್, ಮ್ಯಾಂಗನೀಸ್ ಲವಣ ಸೇರಿಸಿರುತ್ತಾರೆ. ಮನೆಯಲ್ಲಿ ಎಣ್ಣೆ ಕುದಿಸಿದರೆ ಹೊಗೆ ಬರುತ್ತದೆ, ಬೆಂಕಿ ಹತ್ತಬಹುದು.

ಹಸಿ ಅಗಸೆ ಎಣ್ಣೆ ಒಣಗುತ್ತದೆ, ಆದರೆ ವಾರಗಟ್ಟಲೆ. ಅದು ಒಣಗುವುದು ನೀರಿನ ಹಾಗೆ ಆರಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಹೀರುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಆ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಇದು ಅಪರೂಪದ ಕಥೆಯಲ್ಲ, ಮರಗೆಲಸದ ಶೆಡ್ಡುಗಳು ಹೀಗೆ ಸುಟ್ಟಿವೆ. ಬಟ್ಟೆಯನ್ನು ಬಾಲ್ಕನಿಯ ಹಗ್ಗದ ಮೇಲೆ ಬಿಡಿಸಿ ಹರಡಿ, ಹಪ್ಪಳದಷ್ಟು ಗಟ್ಟಿಯಾಗುವ ತನಕ ಒಣಗಿಸಿ. ಇಲ್ಲದಿದ್ದರೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಬಾಯಿಲ್ಡ್ ಎಣ್ಣೆ, ಟಂಗ್ ಮರದ ಬೀಜದಿಂದ ತೆಗೆಯುವ ಟಂಗ್ ಎಣ್ಣೆ, ಡ್ಯಾನಿಷ್ ಎಣ್ಣೆ ಎಂದು ಮಾರುವ ಮಿಶ್ರಣ, ಎಲ್ಲದಕ್ಕೂ ಇದೇ ನಿಯಮ. ಅಕ್ಕನ ಪ್ಯಾರಾಫಿನ್ನಿಗೆ ಈ ಭಯ ಇಲ್ಲ, ಅದು ಒಣಗುವುದೇ ಇಲ್ಲವಲ್ಲ.

ಮಡಗಾಂವ್ ಅಕ್ಕ:
ಅಗಸೆ ಎಣ್ಣೆಗೆ ನಮ್ಮ ಕರಾವಳಿಯ ಹವೆಯಲ್ಲಿ ಬೂಷ್ಟೂ ಬೇಗ ಹಿಡಿಯುತ್ತದೆ. ಗೋವೆಯಲ್ಲಿ ಮಳೆಗಾಲದಲ್ಲಿ ನಾನು ಅದನ್ನು ಮುಟ್ಟುವುದೇ ಇಲ್ಲ. ಟಂಗ್ ಎಣ್ಣೆ ಪರವಾಗಿಲ್ಲ, ನೀರು ತಡೆಯುತ್ತದೆ, ಹಳದಿಯೂ ಕಡಿಮೆ. ಶುದ್ಧವಾದದ್ದು ಸಿಗುವುದೇ ಕಷ್ಟ, ಸಿಕ್ಕರೆ ದುಬಾರಿ.

ಮಾಟುಂಗಾ ಮಾಮ:
ಬೋಹರಿ ಆಳಿಯವರು ಬಿಳಿ ಮಂಜಿನ ಪ್ರಶ್ನೆ ಕೇಳಿದ್ದರು. ಉತ್ತರ ಕೊಡುತ್ತೇನೆ. ಮಂಜು ಕಟ್ಟುವುದು ನಿಜ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ. ಮುಂಬೈಯ ಜುಲೈಯಲ್ಲಿ ತೇವಾಂಶ ಶೇಕಡಾ 80 ದಾಟಿರುತ್ತದೆ, ಹಾಗಾಗಿ ಬಾಲ್ಕನಿಯಲ್ಲಿ ಹಚ್ಚುವ ಮಾತೇ ಇಲ್ಲ. ಬೆಡ್‌ರೂಮಿನ ಏಸಿಯನ್ನು ಡ್ರೈಗೆ ಹಾಕಿ ಒಂದು ಗಂಟೆ ಬಿಡು. ಮಣೆಯನ್ನೂ ಒಳಗೇ ಇಡು. ಕೋಣೆ ಒಣಗಿದ ಮೇಲೆ ಏಸಿ ಆರಿಸಿ, ಹಚ್ಚಿ, ಚಪಡಾ ಆರಿದ ಮೇಲೆ ಕಿಟಕಿ ತೆಗೆ. ಬೇಕಾಗುವುದು ನಾಲ್ಕೈದು ಚಮಚ ಅಷ್ಟೇ. ಆದರೂ ಸ್ಪಿರಿಟ್ ಸ್ಪಿರಿಟ್ಟೇ, ಪಕ್ಕದಲ್ಲಿ ದೇವರ ದೀಪ, ಊದುಬತ್ತಿ ಇರಬಾರದು. ಮಂಜು ಕಟ್ಟಿದರೂ ಗಾಬರಿ ಬೇಡ. ಒಣ ದಿನ ನೋಡಿ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಮೇಲೆ ಸವರಿದರೆ ಹೋಗುತ್ತದೆ.

ಇದೇ ಚಪಡಾದ ಗುಣ. ಹತ್ತು ವರ್ಷ ಬಿಟ್ಟು ಗೀರಾದರೂ ಹೊಸ ಚಪಡಾ ಹಳೆಯದರೊಳಗೆ ಕರಗಿ ಒಂದಾಗುತ್ತದೆ. ನಿಮ್ಮ ಪಿಯು ಗೀರಾದರೆ ಪೂರ್ತಿ ಉಜ್ಜಿ ತೆಗೆಯಬೇಕು. ಹದಿನಾಲ್ಕು ಗುಳಿಯೊಳಗಿಂದ ಪಿಯು ಉಜ್ಜಿ ತೆಗೆಯುವುದು, ಯೋಚನೆ ಮಾಡಿ.

ಬೋಹರಿ ಆಳಿ:
ಈ ಮಾತು ಒಪ್ಪುತ್ತೇನೆ ಮಾಮ. ಗುಳಿಗಳಿರುವ ಸಾಮಾನಿಗೆ ರಿಪೇರಿ ಸುಲಭ ಇರಬೇಕು. ಟ್ರೇ ಆಗಿದ್ದರೆ, ದಿನಾ ಚಹಾ ಚೆಲ್ಲುವ ಮೇಜಾಗಿದ್ದರೆ ನಾನು ಬಿಡುತ್ತಿರಲಿಲ್ಲ.

ಸ್ಪಿರಿಟ್ ತರುವಾಗ ಮಾತ್ರ ನೋಡಿ. ಮೆಡಿಕಲ್ ಅಂಗಡಿಯ 70 ಶೇಕಡಾ ಐಸೊಪ್ರೊಪೈಲ್ ಬೇಡ, ಉಳಿದ 30 ನೀರು. ನೀರು ಸೇರಿದರೆ ಚಪಡಾ ಸರಿಯಾಗಿ ಕರಗುವುದಿಲ್ಲ, ಮಂಜೂ ಕಟ್ಟುತ್ತದೆ. 99 ಶೇಕಡಾದ್ದು ಸಿಕ್ಕರೆ ಅದೇ ಒಳ್ಳೆಯದು. ಪೇಂಟ್ ಅಂಗಡಿಯ ಪಾಲಿಶ್ ಸ್ಪಿರಿಟ್ ವಿಷ, ಮಗುವಿಗೆ ಸಿಗದ ಕಡೆ ಇಡಿ.

ಡೊಂಬಿವಲಿ ಲೋಕಲ್:
ಗುಳಿ ತೋಡುವ ಮೊದಲು ತುದಿಯಿಂದ ಕತ್ತರಿಸಿದ ಒಂದು ಪಟ್ಟಿ ಉಳಿದಿತ್ತು. ಅದೇ ಮರ, ಅದೇ ಗೆರೆ. ಬಡಗಿಯಣ್ಣ ಹೇಳಿದ ಹಾಗೆ 220ರ ತನಕ ಉಜ್ಜಿ, ಪೆನ್ಸಿಲ್ ಗೆರೆ ಎಳೆದು ಭಾಗ ಮಾಡಿ ಎಲ್ಲವನ್ನೂ ಹಚ್ಚಿ ನೋಡಿದೆ. ಟ್ಯೂಬ್‌ಲೈಟ್ ಕೆಳಗೆ ಒಂದು ಥರ, ಬಾಲ್ಕನಿಯ ಬೆಳಕಲ್ಲಿ ಇನ್ನೊಂದು ಥರ ಕಾಣುತ್ತದೆ. ನಾನು ಬಾಲ್ಕನಿಯದ್ದನ್ನೇ ಲೆಕ್ಕಕ್ಕೆ ತಗೊಂಡೆ.

ಬಾಯಿಲ್ಡ್ ಎಣ್ಣೆ ಹಚ್ಚಿದ ಕೂಡಲೇ ಮರ ಎಚ್ಚರವಾದಂತಾಯಿತು. ಗೆರೆಗಳೆಲ್ಲ ಎದ್ದವು. ನೋಡಲು ಅದೇ ಎಲ್ಲಕ್ಕಿಂತ ಚಂದ, ಸುಳ್ಳು ಹೇಳುವುದಿಲ್ಲ. ಆದರೆ ಹಳದಿ ಹೋಗಿ ಕಿತ್ತಳೆ ಕಂದು ಆಯಿತು. ಪಟ್ಟಿಯ ಕೊನೆಯ ಕತ್ತರಿಸಿದ ಬಾಯಿ ಪೂರ್ತಿ ಕಪ್ಪು. ಬಟ್ಟೆಯನ್ನು ನೀರಿನ ಡಬ್ಬಿಗೆ ಹಾಕಿದ್ದೇನೆ ಸರ್.

ನೀರಿನ ಪಿಯು ಹಳದಿಯನ್ನು ಸರಿಯಾಗಿ ಉಳಿಸಿತು. ಹೊಳಪಂತೂ ಇಲ್ಲವೇ ಇಲ್ಲ. ಬೋಹರಿ ಆಳಿಯವರ ಮಾತು ನಿಜ. ಆದರೆ ಗೆರೆಗಳು ಸಪ್ಪೆ. ಕೈಯಾಡಿಸಿದರೆ ಬಹಳ ತೆಳ್ಳಗೆ ಏನೋ ಹೊದಿಸಿದ ಹಾಗಿದೆ. ಉಗುರಲ್ಲಿ ತಟ್ಟಿದರೆ ಶಬ್ದವೂ ಸ್ವಲ್ಪ ಬೇರೆ, ಅಥವಾ ನನಗೆ ಹಾಗನಿಸಿತೋ ಗೊತ್ತಿಲ್ಲ. ಅಮ್ಮನಿಗೆ ಇದೇ ಇಷ್ಟ.

ಬರೀ ಮೇಣ ಹಚ್ಚಿದ ಭಾಗ ಹಚ್ಚದ ಭಾಗಕ್ಕಿಂತ ಹೆಚ್ಚೇನೂ ಬೇರೆಯಲ್ಲ, ಮೃದುವಾಗಿದೆ. ಒಂದು ಹನಿ ನೀರು ಬಿಟ್ಟೆ. ಸ್ವಲ್ಪ ಹೊತ್ತು ಮುತ್ತಾಗಿ ನಿಂತು ಆಮೇಲೆ ಇಳಿದು ಕಲೆಯಾಯಿತು.

ತೆಳು ಚಪಡಾ ಎರಡು ಕೈ, ಮೇಲೆ ಮೇಣ. ಹಳದಿ ಬಂಗಾರದ ಕಡೆಗೆ ಒಂಚೂರು ವಾಲಿತು, ಗೆರೆ ಎದ್ದಿತು, ಕತ್ತರಿಸಿದ ಬಾಯಿ ಕಪ್ಪಾಗಲಿಲ್ಲ. ಕೈಗೆ ಮರವೇ ಸಿಗುತ್ತದೆ. ನನ್ನ ಮತ ಇದಕ್ಕೆ.

ಮಾಟುಂಗಾ ಮಾಮ:
ಅಮ್ಮನಿಗೆ ಒಂದು ಕಡುಬು ಕಟ್ಟಿ ಕೊಟ್ಟು ಒಪ್ಪಿಸು.

ಬೋಹರಿ ಆಳಿ:
ಅಮ್ಮನ ಕಣ್ಣು ಚುರುಕು, ನನ್ನ ನಮಸ್ಕಾರ ತಿಳಿಸಿ.

ವಾಶಿ ಬಡಗಿ:
ಪಟ್ಟಿ ಹಚ್ಚಿ ನೋಡಿದ್ದು ಒಳ್ಳೆಯದಾಯಿತು. ಈಗ ಗುಳಿಯಲ್ಲಿ ಹಚ್ಚುವ ರೀತಿ. ಬ್ರಷ್ ಬೇಡ. ಬ್ರಷ್ಷಿನಲ್ಲಿ ಹಚ್ಚಿದರೆ ಚಪಡಾ ಜಾರಿ ಗುಳಿಯ ತಳದಲ್ಲಿ ನಿಲ್ಲುತ್ತದೆ, ಅಲ್ಲಿ ಮಾತ್ರ ದಪ್ಪಗೆ ಹೊಳೆಯುತ್ತದೆ. ಸಣ್ಣ ಹತ್ತಿ ಉಂಡೆಗೆ ಮೆತ್ತನೆ ಬಟ್ಟೆ ಸುತ್ತಿ, ಅದ್ದಿ, ಹಿಂಡಿ, ಅಂಚಿನಿಂದ ತಳಕ್ಕೆ ಒಂದೇ ಕೈಯಲ್ಲಿ ಒರೆಸಿ. ಒಮ್ಮೆ ಒರೆಸಿದ ಜಾಗಕ್ಕೆ ತಕ್ಷಣ ಮತ್ತೆ ಹೋಗಬೇಡಿ, ಅರ್ಧ ಆರಿದ ಚಪಡಾ ಎಳೆದುಕೊಂಡು ಬರುತ್ತದೆ. ಮೊದಲ ಕೈ ಆರಿದ ಮೇಲೆ 400ರ ಕಾಗದ ತೂಕ ಕೊಡದೆ ಸವರಿ, ಧೂಳು ಒರೆಸಿ, ಎರಡನೆಯ ಕೈ.

ಅಡಿಭಾಗಕ್ಕೂ ಹಚ್ಚಿ. ಮೇಲೆ ಮಾತ್ರ ಹಚ್ಚಿ ಕೆಳಗೆ ಬಿಟ್ಟರೆ ಕೆಳಗಿನಿಂದ ತೇವ ಕುಡಿದು ಮಣೆ ಬಾಗುತ್ತದೆ. ನೆಲ ಸಮ ಇಲ್ಲದ ಹಾಗೆ ಕುಟುಕುಟು ಎನ್ನುತ್ತದೆ ಆಮೇಲೆ.

ಮಡಗಾಂವ್ ಅಕ್ಕ:
ಮೇಲಿನ ಮೇಣಕ್ಕೆ ನನ್ನ ಪ್ಯಾರಾಫಿನ್ ಮಿಶ್ರಣ ಬಳಸುವುದಾ?

ಕಲಿನಾ ಕೆಮಿಸ್ಟ್ರಿ:
ಬೇಡ ಅಕ್ಕ. ಅರಗು ಬಾಯಿ ಮುಚ್ಚಿರುವುದರಿಂದ ಪ್ಯಾರಾಫಿನ್ ಒಳಗೆ ಇಳಿಯುವುದಿಲ್ಲ, ಮೇಲೇ ಜಿಡ್ಡಾಗಿ ನಿಲ್ಲುತ್ತದೆ. ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿದ ಪೇಸ್ಟ್ ಸರಿ. ಟರ್ಪೆಂಟೈನ್ ಹಾರಿಹೋಗುತ್ತದೆ, ಮೇಣ ಉಳಿಯುತ್ತದೆ. ಸ್ಪಿರಿಟ್ ಕರಗಿಸುವ ಹಾಗೆ ಟರ್ಪೆಂಟೈನ್ ಅರಗನ್ನು ಕರಗಿಸುವುದಿಲ್ಲ, ಹಾಗಾಗಿ ಕೆಳಗಿನ ಪದರಕ್ಕೆ ತೊಂದರೆ ಇಲ್ಲ. ಕರಗಿಸುವಾಗ ಒಲೆ ಆರಿಸಿರಬೇಕು. ಮೇಣವನ್ನು ತುರಿದು ಟರ್ಪೆಂಟೈನಿನಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು. ವಾಸನೆ ಹೋಗುವ ತನಕ ಮಗುವಿಗೆ ಕೊಡಬೇಡಿ.

ಸುಮ್ನೆ ಓದುಗ:
ಬಣ್ಣ ಇಲ್ಲದ ಬೂಟ್ ಪಾಲಿಶ್ ಹಚ್ಚಿದರೆ? ಅದೂ ಮೇಣವೇ ತಾನೆ.

ವಾಶಿ ಬಡಗಿ:
ಬೂಟಿಗೆ ಹಚ್ಚಿ. ಬೂಟಿನ ಬ್ರಷ್ ಮಾತ್ರ ಹೊಸದು ತಗೊಳ್ಳಿ, ಕೆಲಸಕ್ಕೆ ಬರುತ್ತದೆ. ಹಲಸಿನ ರಂಧ್ರ ದೊಡ್ಡದು. ಮೇಣ ಜಾಸ್ತಿಯಾದರೆ ರಂಧ್ರದಲ್ಲಿ ಕೂತು ಬಿಳಿ ಚುಕ್ಕಿಯಾಗುತ್ತದೆ. ಬಟ್ಟೆಗೆ ಅದು ಸಿಗುವುದಿಲ್ಲ, ಬ್ರಷ್ಷಿಗೆ ಸಿಗುತ್ತದೆ. ಗುಳಿಯ ಒಳಗೂ ಬ್ರಷ್ಷೇ ಸರಿ.

ಡೊಂಬಿವಲಿ ಲೋಕಲ್:
ಅಮ್ಮ ಒಪ್ಪಿದರು, ಕಡುಬು ಇಲ್ಲದೆಯೇ. ಪಿಯು ಪಟ್ಟಿಯನ್ನೂ ಚಪಡಾ ಪಟ್ಟಿಯನ್ನೂ ಕಣ್ಣು ಮುಚ್ಚಿಸಿ ಮುಟ್ಟಿಸಿದೆ. ಚಪಡಾದ್ದನ್ನು ಮುಟ್ಟಿ ಇದಕ್ಕೆ ಏನೂ ಹಚ್ಚಿಲ್ಲ ಅಲ್ವಾ ಎಂದರು. ಶನಿವಾರ ಏಸಿ ರೂಮು ನನ್ನದು. ಮುಗಿದ ಮೇಲೆ ಫೋಟೊ ಹಾಕುತ್ತೇನೆ.

ಸುಮ್ನೆ ಓದುಗ:
ಇದೇ ಪಾಕ ನನ್ನ ಸಾಗುವಾನಿಯ ಮಸಾಲೆ ಡಬ್ಬಿಗೂ ಆಗುತ್ತದಾ? ಒಳಗೆ ನೇರವಾಗಿ ಅರಿಶಿನ, ಮೆಣಸಿನಪುಡಿ ಹಾಕುವುದು.

ವಾಶಿ ಬಡಗಿ:
ಹೊರಗೆ ಹಚ್ಚಿ, ಒಳಗೆ ಬೇಡ. ಸಾಗುವಾನಿಯಲ್ಲಿ ಅದರದ್ದೇ ಎಣ್ಣೆ ಇರುತ್ತದೆ, ಹಚ್ಚುವ ಮೊದಲು ಸ್ಪಿರಿಟ್ ಬಟ್ಟೆಯಿಂದ ಒರೆಸಿಕೊಳ್ಳಿ. ಉಜ್ಜಲು ಬಳಸುವ ಸ್ಟೀಲ್ ವುಲ್, ಅಂದರೆ ಉಕ್ಕಿನ ಎಳೆಗಳ ಮುದ್ದೆ, ಮುಟ್ಟಿಸಬೇಡಿ, ಅದರ ಚೂರು ಒಳಗೆ ಸಿಕ್ಕಿ ಒದ್ದೆಯಾದರೆ ಸಾಗುವಾನಿಯಲ್ಲಿ ಕರಿ ಚುಕ್ಕಿ ಬೀಳುತ್ತದೆ. ಒಳಗೆ ಪುಡಿ ಹಾಕಲು ಸ್ಟೀಲ್ ಬಟ್ಟಲು ಇಡಿ, ಅರಿಶಿನದ ಕಲೆ ಯಾವ ಪಾಲಿಶಿಗೂ ಜಗ್ಗುವುದಿಲ್ಲ.